ಮೊದಲು ತುಟಿ, ಆಮೇಲೆ ತೋಟ: ಬರಗಾಲದ ನಗರಗಳ ನೀರಿನ ಕಟ್ಟಳೆ

ಬೇಸಿಗೆಯಲ್ಲಿ ಊರಿಗೆ ಫೋನ್ ಮಾಡಿದಾಗ ನೀವು ಏನೇನು ಕೇಳ್ತೀರಿ? ಮೊದಲು ಆರೋಗ್ಯ, ಆಮೇಲೆ ಮಕ್ಕಳ ಪರೀಕ್ಷೆ. ಮೂರನೆಯ ಪ್ರಶ್ನೆ ಹೆಚ್ಚುಕಡಿಮೆ ಎಲ್ಲರದೂ ಒಂದೇ: "ನೀರು ಬರ್ತಾ ಇದೆಯಾ?" ನೀವು ಮುಂಬೈಯಲ್ಲಿರಿ, ಹೈದರಾಬಾದಿನಲ್ಲಿರಿ, ಚೆನ್ನೈಯಲ್ಲಿರಿ, ಈ ಪ್ರಶ್ನೆಯನ್ನು ನೀವೂ ಕೇಳಿದ್ದೀರಿ, ನಿಮ್ಮನ್ನೂ ಯಾರೋ ಕೇಳಿದ್ದಾರೆ.

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೆ ಫೋನ್ ಮಾಡಿದವರಿಗೆ ಇನ್ನೊಂದು ಸುದ್ದಿಯೂ ಸಿಕ್ಕಿತು. ಗಿಡಕ್ಕೆ ನೀರು ಹಾಕಿದರೆ ದಂಡವಂತೆ! ಸುದ್ದಿ ನಿಜವೇ ಆಗಿತ್ತು. ಮಾರ್ಚ್ 8ರಂದು ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಿಂದ ವಾಹನ ತೊಳೆಯಬಾರದು, ಕೈತೋಟಕ್ಕೆ ಹಾಕಬಾರದು, ಕಟ್ಟಡ ಕಟ್ಟಬಾರದು, ಕಾರಂಜಿ ಹಾರಿಸಬಾರದು, ರಸ್ತೆ ತೊಳೆಯಬಾರದು. ಮೀರಿದರೆ 5,000 ರೂಪಾಯಿ ದಂಡ. ಮತ್ತೆ ತಪ್ಪು ಮಾಡಿದರೆ ಅದರ ಮೇಲೆ ದಿನಕ್ಕೆ 500 ರೂಪಾಯಿ. ನಾಲ್ಕು ದಿನ ಕಳೆದು ರಂಜಾನ್ ಉಪವಾಸ ಶುರುವಾಯಿತು, ಅದೇ ತಿಂಗಳ ಕೊನೆಗೆ ಹೋಳಿ ಬಂತು, ಏಪ್ರಿಲ್‌ನಲ್ಲಿ ಯುಗಾದಿ, ಈದ್ ಎರಡೂ ಒಂದೇ ವಾರದಲ್ಲಿ ಬಂದವು. ಹಬ್ಬಗಳೆಲ್ಲ ಆ ವರ್ಷ ಕೊಡ ಲೆಕ್ಕ ಹಾಕುತ್ತಲೇ ಕಳೆದವು.

ಈ ಆದೇಶವನ್ನು ಕೆಲವರು ತಮಾಷೆ ಮಾಡಿದರು. "ನನ್ನ ನಾಲ್ಕು ಗುಲಾಬಿ ಗಿಡದಿಂದ ಕಾವೇರಿ ಬತ್ತಿಹೋಯ್ತಾ?" ಅಂದರು. ಇನ್ನು ಕೆಲವರು "ಇದು ಮೊದಲೇ ಬರಬೇಕಿತ್ತು" ಅಂದರು. ನಾನು ನಿಮಗೆ ಹೇಳಬೇಕೆಂದಿರುವುದು ಬೇರೆ. ಬರ ಬಂದಾಗ ತೋಟದ ನೀರು ನಿಲ್ಲಿಸುವ ಕಟ್ಟಳೆ ಹೊಸದಲ್ಲ, ಬಹಳ ಹಳೆಯದು, ಮತ್ತು ಅದರ ಹಿಂದಿನ ನ್ಯಾಯ ಸರಿಯಾದದ್ದೇ. ಆದರೆ ಆ ನ್ಯಾಯ ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ, ಯಾರ ಬಾಗಿಲನ್ನು ದಾಟಿ ಮುಂದೆ ಹೋಗುತ್ತದೆ ಅನ್ನುವುದನ್ನು ಇತಿಹಾಸದಲ್ಲಿ ನೋಡಬೇಕು.

ಮೊದಲು ನ್ಯಾಯದ ವಿಷಯ. ಇಸ್ಲಾಮೀ ಕಾನೂನಿನ ಹಳೆಯ ಗ್ರಂಥಗಳು ನೀರಿನ ಹಕ್ಕನ್ನು ಎರಡಾಗಿ ನೋಡುತ್ತವೆ. ಒಂದು 'ಶಫಾ'. ಅರಬಿಯಲ್ಲಿ ಈ ಪದಕ್ಕೆ ತುಟಿ ಎಂದರ್ಥ. ಮನುಷ್ಯ ಮತ್ತು ಪ್ರಾಣಿ ಬಾಯಾರಿಕೆ ತೀರಿಸಿಕೊಳ್ಳುವ ಹಕ್ಕು ಇದು. ಇನ್ನೊಂದು 'ಶಿರ್ಬ್', ಅಂದರೆ ಹೊಲ, ತೋಟಕ್ಕೆ ಪಾಳಿಯ ಮೇಲೆ ನೀರು ಹಾಯಿಸುವ ಹಕ್ಕು. ಮೊದಲನೆಯದು ಎರಡನೆಯದಕ್ಕಿಂತ ಮೇಲೆ. ಕಾಲುವೆ ನಿಮ್ಮದೇ ಇರಬಹುದು, ಬಾವಿ ನೀವೇ ತೋಡಿಸಿರಬಹುದು, ಆದರೆ ಬಾಯಾರಿ ಬಂದವನನ್ನು ತಡೆಯುವ ಹಾಗಿಲ್ಲ. 1869ರಿಂದ 1876ರವರೆಗೆ ಉಸ್ಮಾನಿ ತುರ್ಕಿ ಸಾಮ್ರಾಜ್ಯ ತನ್ನ ಸಿವಿಲ್ ಕಾನೂನನ್ನು 'ಮಜಲ್ಲಾ' ಎಂಬ ಹೆಸರಿನಲ್ಲಿ ಕ್ರೋಡೀಕರಿಸಿದಾಗ ಈ ಎರಡು ಹಕ್ಕುಗಳೂ ಅದರಲ್ಲಿ ಸೇರಿದವು.

ಇದು ಒಂದೇ ಧರ್ಮದವರ ಮಾತು ಅಂದುಕೊಳ್ಳಬೇಡಿ. 1987ರಲ್ಲಿ ಭಾರತ ಸರಕಾರ ಮೊದಲ ರಾಷ್ಟ್ರೀಯ ಜಲನೀತಿ ಪ್ರಕಟಿಸಿತು. ಅದರ ಆದ್ಯತೆಯ ಪಟ್ಟಿಯಲ್ಲೂ ಮೊದಲ ಸ್ಥಾನ ಕುಡಿಯುವ ನೀರಿಗೆ, ಎರಡನೆಯದು ನೀರಾವರಿಗೆ. ಮೊದಲು ತುಟಿ, ಆಮೇಲೆ ತೋಟ. ನಮ್ಮ ಹಳ್ಳಿಗಳಲ್ಲಿ ಇದನ್ನು ಯಾರೂ ಬರೆದಿಡಲಿಲ್ಲ, ನಡೆಸಿಕೊಂಡು ಬಂದರು. ಅದನ್ನು ನಡೆಸಿದವನ ಹೆಸರು ನೀರುಗಂಟಿ.

ನೀವು ಕೋಲಾರ, ತುಮಕೂರು ಕಡೆಯವರಾಗಿದ್ದರೆ ಮನೆಯ ಹಿರಿಯರನ್ನು ಕೇಳಿ ನೋಡಿ. ಕೆರೆಯ ತೂಬು ತೆರೆಯುವುದು, ಮುಚ್ಚುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು ನೀರುಗಂಟಿಯ ಕೆಲಸ. ಕೂಲಿ ಎಂದರೆ ಬೆಳೆಯಲ್ಲೊಂದು ಪಾಲು. ಮಳೆ ಕಡಿಮೆಯಾದ ವರ್ಷ ಊರವರು ಕೂತು ಎಷ್ಟು ಜಮೀನಿಗೆ ನೀರು ಎಟಕುತ್ತದೆ ಅಂತ ಲೆಕ್ಕ ಹಾಕುತ್ತಿದ್ದರು, ಅವನು ಅದರಂತೆ ಪಾಳಿ ಕಡಿಮೆ ಮಾಡುತ್ತಿದ್ದ. ಯಾರ ಗದ್ದೆ ಎಲ್ಲಿದೆ, ಯಾರು ರಾತ್ರಿ ಕದ್ದು ಬದು ಒಡೆಯುತ್ತಾರೆ, ಎಲ್ಲ ಅವನಿಗೆ ಗೊತ್ತು. ತೂಬಿನ ಮಟ್ಟಕ್ಕಿಂತ ಕೆಳಗೆ ಉಳಿಯುವ ನೀರು ದನಕರುಗಳಿಗೆ.

ಹಾಗಂತ ಹಳೆಯ ಕಾಲವನ್ನು ಸ್ವರ್ಗ ಮಾಡುವುದು ಬೇಡ. ನೀರುಗಂಟಿಗಳು ಬಹಳ ಕಡೆ ದಲಿತ ಸಮುದಾಯದವರು. ಇಡೀ ಊರಿಗೆ ನೀರು ಹಂಚಿದ ಕೈಗೆ ಊರಿನ ಬಾವಿ ಮುಟ್ಟುವ ಹಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ.ಆರ್. ಅಂಬೇಡ್ಕರ್ ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದು ತೋರಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಎಲ್ಲರಿಗೂ ತುಟಿ ಇದೆ, ಆದರೆ ತುಟಿಯ ಹಕ್ಕು ಎಲ್ಲರಿಗೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಈಗ ಬೆಂಗಳೂರಿಗೆ ಬನ್ನಿ. ನದಿ ಇಲ್ಲದ ಊರು ಇದು. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿದಾಗ ಜೊತೆಗೆ ಕೆರೆಗಳನ್ನೂ ಕಟ್ಟಿಸಿದರು, ಏಕೆಂದರೆ ಕೆರೆ ಇಲ್ಲದೆ ಅಲ್ಲಿ ಊರು ಉಳಿಯುವ ಹಾಗಿರಲಿಲ್ಲ. 1760ರಲ್ಲಿ ಹೈದರಾಲಿ ಲಾಲ್‌ಬಾಗ್‌ಗೆ ಅಡಿಪಾಯ ಹಾಕಿದರು, ಟಿಪ್ಪು ಸುಲ್ತಾನ್ ದೂರ ದೂರದ ದೇಶಗಳಿಂದ ಗಿಡ ತರಿಸಿ ಅದನ್ನು ಬೆಳೆಸಿದರು. 'ಉದ್ಯಾನ ನಗರಿ' ಎಂಬ ಹೆಸರಿನ ಬೇರು ಇರುವುದು ಅಲ್ಲಿ. ಸಂಪಂಗಿ ಕೆರೆಯ ಸುತ್ತ ತಿಗಳ ಸಮುದಾಯದವರು ಸೊಪ್ಪು, ತರಕಾರಿ, ಹೂವು ಬೆಳೆದು ಪೇಟೆಗೆ ತರುತ್ತಿದ್ದರು. ಅವರಿಗೆ ತೋಟ ಅಂದರೆ ಶೋಕಿ ಅಲ್ಲ, ಹೊಟ್ಟೆಪಾಡು. ಈ ವ್ಯತ್ಯಾಸವನ್ನೂ ಗಮನಿಸಿ, ಯಾಕೆಂದರೆ ಇವತ್ತಿನ ಆದೇಶಗಳಲ್ಲಿ 'ತೋಟ' ಅನ್ನುವ ಒಂದೇ ಪದದೊಳಗೆ ಬಂಗಲೆಯ ಹುಲ್ಲುಹಾಸು, ಬಡವರ ನರ್ಸರಿ ಎರಡೂ ಬಂದುಬಿಡುತ್ತವೆ.

1876ರಿಂದ 1878ರವರೆಗಿನ ಮಹಾ ಬರಗಾಲದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದರಲ್ಲಿ ಒಂದು ಭಾಗವನ್ನು ಕಳೆದುಕೊಂಡಿತು. ಆ ಪೆಟ್ಟಿನ ನಂತರ ಕೆರೆಯನ್ನು ಮಾತ್ರ ನಂಬಿ ಕೂರುವ ಧೈರ್ಯ ಆಡಳಿತಕ್ಕೆ ಉಳಿಯಲಿಲ್ಲ. 1882ರಲ್ಲಿ ಸ್ಯಾಂಕಿ ಕೆರೆ ಬಂತು. 1894ರಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ತರುವ ಯೋಜನೆ ಬಂತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. 1964ರಲ್ಲಿ ಜಲಮಂಡಳಿಯ ಸ್ಥಾಪನೆ. 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ಮೇಲೆತ್ತಿ ತರುವ ಮೊದಲ ಹಂತ.

ನಲ್ಲಿ ಬಂದದ್ದು ಒಳ್ಳೆಯದೇ. ಜಾತಿ ಕೇಳದೆ ನೀರು ಕೊಟ್ಟದ್ದು ನಲ್ಲಿ. ಕಾಲರಾ ಕಡಿಮೆಯಾಗಲು, ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡ ಇಳಿಯಲು ನಲ್ಲಿ ಕಾರಣ. ಆದರೆ ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ಕೆರೆ ಯಾರಿಗೂ ಬೇಡವಾಯಿತು. ಧರ್ಮಾಂಬುಧಿ ಕೆರೆ ಇದ್ದ ಜಾಗ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಇದ್ದ ಜಾಗ ಕಂಠೀರವ ಕ್ರೀಡಾಂಗಣ. ನೀವು ಮುಂಬೈಯಿಂದ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದಿದ್ದರೆ, ಕೆಂಪೇಗೌಡರ ಕಾಲದ ಕೆರೆಯ ಅಂಗಳದಲ್ಲೇ ಕಾಲಿಟ್ಟಿದ್ದೀರಿ. ತೂಬು ಹೋಯಿತು, ನೀರುಗಂಟಿಯೂ ಹೋದ. ಅವನ ಕೆಲಸ 1964ರ ಕಾಯಿದೆಯ ಕಲಮುಗಳಿಗೆ, ಮೀಟರಿಗೆ, ದಂಡದ ರಸೀದಿಗೆ ಬಂತು. ಯಾರ ತೋಟ ಎಲ್ಲಿದೆ ಅಂತ ಗೊತ್ತಿದ್ದ ಮನುಷ್ಯ ಮಾತ್ರ ಇಲ್ಲ.

ಇನ್ನು 2023ಕ್ಕೆ ಬನ್ನಿ. ಮುಂಗಾರು ಕೈಕೊಟ್ಟಿತು. ಕರ್ನಾಟಕ ಸರಕಾರ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. 2024ರ ಮಾರ್ಚ್‌ನಲ್ಲಿ ಸರಕಾರವೇ ಕೊಟ್ಟ ಲೆಕ್ಕ ಇದು: ಬೆಂಗಳೂರಿಗೆ ದಿನಕ್ಕೆ ಬೇಕಾದದ್ದು 260 ಕೋಟಿ ಲೀಟರ್, ಕೊರತೆ 50 ಕೋಟಿ ಲೀಟರ್. ಸರಕಾರಿ ಬೋರ್‌ವೆಲ್‌ಗಳು ಸುಮಾರು 14,000, ಅವುಗಳಲ್ಲಿ 6,900 ಬತ್ತಿಹೋಗಿದ್ದವು. ಈ ಲೆಕ್ಕದ ಮುಂದೆ ಕಾರು ತೊಳೆಯುವುದನ್ನು, ಹುಲ್ಲುಹಾಸಿಗೆ ನೀರು ಬಿಡುವುದನ್ನು ನಿಲ್ಲಿಸಿ ಅಂದದ್ದು ತಪ್ಪೇ? ಖಂಡಿತ ತಪ್ಪಲ್ಲ. ತುಟಿಯ ಹಕ್ಕಿನ ನ್ಯಾಯವೇ ಅದು.

ಹಾಗಾದರೆ ತೊಂದರೆ ಎಲ್ಲಿದೆ? ಅದು ಸ್ಪಷ್ಟವಾಗಿ ಕಾಣಬೇಕಾದರೆ ಬೆಂಗಳೂರನ್ನು ಸ್ವಲ್ಪ ಹೊತ್ತು ಬಿಟ್ಟು ನಮ್ಮವರು ಬದುಕುತ್ತಿರುವ ಪಕ್ಕದ ರಾಜ್ಯಗಳನ್ನು ನೋಡಬೇಕು.

2016ರ ಬೇಸಿಗೆ, ಮಹಾರಾಷ್ಟ್ರದ ಲಾತೂರ್. ಎರಡು ವರ್ಷ ಮಳೆ ಸರಿಯಾಗಿ ಬಿದ್ದಿರಲಿಲ್ಲ. ಮಾರ್ಚ್‌ನಲ್ಲಿ ಜಿಲ್ಲಾಡಳಿತ ನೀರು ತುಂಬಿಸುವ ಜಾಗಗಳ ಸುತ್ತ 144ನೇ ಕಲಮು ಜಾರಿ ಮಾಡಿತು. ಐದಕ್ಕಿಂತ ಹೆಚ್ಚು ಜನ ಅಲ್ಲಿ ಗುಂಪುಗೂಡುವ ಹಾಗಿಲ್ಲ. ಯೋಚಿಸಿ ನೋಡಿ, ಗಲಭೆಗೆ ಹಾಕುವ ಕಲಮನ್ನು ಕೊಡ ಹಿಡಿದು ನಿಂತವರ ಮೇಲೆ ಹಾಕಿದರು. ಜಗಳ ತಪ್ಪಿಸಬೇಕಿತ್ತು, ನಿಜ. ಆದರೆ ಅದೇ ಸೀಮೆಯಲ್ಲಿ ವರ್ಷಾನುಗಟ್ಟಲೆ ನೀರು ಕುಡಿಯುತ್ತಾ ಬಂದ ಕಬ್ಬಿಗೆ ಅಂಥ ಯಾವ ಕಲಮೂ ತಾಗಲಿಲ್ಲ. ಏಪ್ರಿಲ್ 12ರಂದು ಮಿರಜ್‌ನಿಂದ ಹತ್ತು ವ್ಯಾಗನ್‌ಗಳ ರೈಲು ಐದು ಲಕ್ಷ ಲೀಟರ್ ನೀರು ಹೊತ್ತು ಲಾತೂರ್ ತಲುಪಿತು. ಮಿರಜ್ ಅಂದರೆ ಕೃಷ್ಣಾ ನದಿಯ ಸೀಮೆ, ಬೆಳಗಾವಿಯ ಬಗಲಿನಲ್ಲೇ ಇರುವ ಊರು.

ಮರುದಿನ, ಏಪ್ರಿಲ್ 13ರಂದು, ಬಾಂಬೆ ಹೈಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಐಪಿಎಲ್ ಕ್ರಿಕೆಟ್ ಮೈದಾನಗಳ ಹುಲ್ಲಿಗೆ, ಪಿಚ್ಚಿಗೆ ಸುಮಾರು 60 ಲಕ್ಷ ಲೀಟರ್ ನೀರು ಬೇಕಾಗುತ್ತದೆ ಎಂಬ ಲೆಕ್ಕ ಅರ್ಜಿದಾರರು ಕೋರ್ಟಿನ ಮುಂದೆ ಇಟ್ಟಿದ್ದರು. ಏಪ್ರಿಲ್ 30ರ ನಂತರದ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ಸಾಗಿಸಿ ಎಂದು ಕೋರ್ಟ್ ಹೇಳಿತು. ಇದೂ ಒಂದು ರೀತಿಯಲ್ಲಿ 'ಹೊರಾಂಗಣ ನೀರಿನ' ಕಟ್ಟಳೆಯೇ. ಆದರೆ ಇಲ್ಲಿ ಕಟ್ಟಳೆ ಮುಟ್ಟಿದ್ದು ದೊಡ್ಡವರನ್ನು. ಮುಂಬೈಯಲ್ಲಿ ಆಗಬೇಕಿದ್ದ ಫೈನಲ್ ಪಂದ್ಯ ಎಲ್ಲಿ ನಡೆಯಿತು ಗೊತ್ತಾ? ಮೇ 29ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ! ಅಂದರೆ ಹುಲ್ಲಿನ ಬಾಯಾರಿಕೆ ಹಾಗೇ ಉಳಿಯಿತು, ನೀರು ಕೊಡುವ ಊರು ಮಾತ್ರ ಬದಲಾಯಿತು. ಎಂಟು ವರ್ಷದ ನಂತರ ಬೆಂಗಳೂರಿನ ನಲ್ಲಿಯೇ ಒಣಗಿದಾಗ, ಅದೇ ಮೈದಾನಕ್ಕೆ ಸಂಸ್ಕರಿಸಿದ ಕೊಳಚೆ ನೀರು ಕೊಡುವ ವ್ಯವಸ್ಥೆಯಾಯಿತು. ಅದು ಮೊದಲೇ ಸಾಧ್ಯವಿತ್ತಲ್ಲವೇ?

ಚೆನ್ನೈಯಲ್ಲಿರುವ ಓದುಗರಿಗೆ 2019 ಮರೆತಿರಲಾರದು. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ, ನಾಲ್ಕೂ ಜಲಾಶಯಗಳು ತಳ ಕಂಡವು. ಹೋಟೆಲುಗಳು ಊಟದ ಹೊತ್ತು ಕಡಿತ ಮಾಡಿದವು, ಐಟಿ ಕಂಪನಿಗಳು "ಮನೆಯಿಂದಲೇ ಕೆಲಸ ಮಾಡಿ" ಅಂದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ ನೀರಿನ ರೈಲು ಬಂತು. ಆ ಬೇಸಿಗೆ ಚೆನ್ನೈ ಕಲಿಸಿದ ಪಾಠ ಒಂದೇ: ನಲ್ಲಿ ಒಣಗಿದ ಮೇಲೆ ಊರನ್ನು ಆಳುವುದು ಜಲಮಂಡಳಿ ಅಲ್ಲ, ಟ್ಯಾಂಕರ್. ಟ್ಯಾಂಕರ್ ಹಿಂದೆ ದುಡ್ಡಿದ್ದವರ ಸಂಪು, ದುಡ್ಡಿಲ್ಲದವರ ಪ್ಲಾಸ್ಟಿಕ್ ಕೊಡ.

ಹೊರದೇಶದ ಒಂದು ಉದಾಹರಣೆಯನ್ನೂ ಹೇಳಿಬಿಡ್ತೀನಿ, ಏಕೆಂದರೆ ಬರದ ಕಟ್ಟಳೆಗಳ ಮಾತು ಬಂದಾಗೆಲ್ಲ ಅದರ ಹೆಸರು ಬರುತ್ತದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರ 2018ರ ಫೆಬ್ರವರಿ 1ರಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಾತ್ರ ಎಂದು ಮಿತಿ ಹಾಕಿತು. ನಗರದ ನೀರನ್ನು ತೋಟಕ್ಕೆ, ಈಜುಕೊಳಕ್ಕೆ ಬಳಸುವುದು ನಿಷಿದ್ಧ. ಮಿತಿ ಒಂದೇ ಸಲಕ್ಕೆ ಬಂದದ್ದಲ್ಲ, ಜಲಾಶಯ ಇಳಿದಂತೆ ಮೆಟ್ಟಿಲು ಮೆಟ್ಟಿಲಾಗಿ ಬಿಗಿಯಾಯಿತು. ಜನ ಪಾಲಿಸಿದರು, ಮಳೆ ಬಂತು, ನಲ್ಲಿ ಪೂರ್ತಿ ಬಂದ್ ಆಗುವ ದಿನ ತಪ್ಪಿತು. ಇದು ಕಥೆಯ ಒಂದು ಮುಖ. ಇನ್ನೊಂದು ಮುಖ: ಶ್ರೀಮಂತರು ಅಂಗಳದಲ್ಲೇ ಬೋರ್‌ವೆಲ್ ಕೊರೆಸಿಕೊಂಡು ಗೇಟಿಗೆ "ಇದು ಬೋರ್‌ವೆಲ್ ನೀರು" ಎಂದು ಬೋರ್ಡು ಹಾಕಿದರು, ತೋಟ ಹಸಿರಾಗಿಯೇ ಉಳಿಯಿತು. ಬೀದಿ ನಲ್ಲಿಯಿಂದ ಬಕೆಟ್ ಹೊತ್ತು ಬದುಕುವ ಬಡಾವಣೆಗಳ ಜನರಿಗೆ ಕೊಡ ಲೆಕ್ಕದ ಬದುಕು ಬರಕ್ಕಿಂತ ಮೊದಲೂ ಇತ್ತು.

ಈಗ ಮರಳಿ ಬೆಂಗಳೂರಿಗೆ ಬಂದು ಅದೇ ಕಣ್ಣಿನಿಂದ ನೋಡಿ. ಆದೇಶದಲ್ಲಿದ್ದ ಪದ 'ಕುಡಿಯುವ ನೀರು'. ರಸ್ತೆಬದಿಯಲ್ಲಿ ಪೈಪ್ ಹಿಡಿದು ಸ್ಕೂಟರ್ ತೊಳೆಯುವವನು ಕಣ್ಣಿಗೆ ಬೀಳುತ್ತಾನೆ. ಎತ್ತರದ ಕಾಂಪೌಂಡಿನ ಒಳಗಿನ ಹುಲ್ಲುಹಾಸು ಕಾಣುವುದಿಲ್ಲ, ಕಂಡರೂ ಆ ನೀರು ಕಾವೇರಿಯದೋ ಸ್ವಂತ ಬೋರ್‌ವೆಲ್‌ನದೋ ಹೇಳುವುದು ಹೇಗೆ? ಆದೇಶ ಬಂದು ಎರಡು ವಾರ ಕಳೆದ ಮೇಲೆ ಪತ್ರಿಕೆಗಳಲ್ಲಿ ಬಂದ ಲೆಕ್ಕ: ಮೂರು ದಿನದಲ್ಲಿ 22 ಪ್ರಕರಣ, 1.1 ಲಕ್ಷ ರೂಪಾಯಿ ದಂಡ. ಕೋಟಿಗೂ ಮೀರಿದ ಜನ ಇರುವ ಊರಿನಲ್ಲಿ 22. ಇದು ಕಟ್ಟಳೆಯ ಭಯ ಎಷ್ಟು ಕೆಲಸ ಮಾಡಿತು ಅಂತಲೂ ಹೇಳಬಹುದು, ಕಟ್ಟಳೆಯ ಕೈ ಎಷ್ಟು ಗಿಡ್ಡ ಅಂತಲೂ ಹೇಳಬಹುದು.

ಇನ್ನೊಂದು ಮಾತು. 5,000 ರೂಪಾಯಿ ದಂಡ ಎಲ್ಲರಿಗೂ ಒಂದೇ. ಎರಡು ಕಾರಿರುವ ಮನೆಗೆ ಅದು ಒಂದು ಸಂಜೆಯ ಹೋಟೆಲ್ ಬಿಲ್. ಮನೆಮನೆ ತಿರುಗಿ ಕಾರು ತೊಳೆಯುವ ಹುಡುಗನಿಗೆ, ಮಾಲಿ ಕೆಲಸದವನಿಗೆ ಅದು ಅರ್ಧ ತಿಂಗಳ ದುಡಿಮೆ. ದಂಡ ಬೀಳದಿದ್ದರೂ ಅವನ ಕೆಲಸವೇ ನಿಂತಿತಲ್ಲ, ಅದನ್ನು ಯಾರ ಲೆಕ್ಕದಲ್ಲಿ ಬರೆಯುವುದು?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ನಲ್ಲಿಯೇ ಇಲ್ಲದವರದು. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ದೊಡ್ಡದಾದಾಗ ಸುತ್ತಲಿನ 110 ಹಳ್ಳಿಗಳು ನಗರದೊಳಗೆ ಸೇರಿದವು. ಅಲ್ಲಿ ಅಪಾರ್ಟ್‌ಮೆಂಟ್ ಎದ್ದವು, ಟೆಕ್ ಪಾರ್ಕ್ ಎದ್ದವು, ಕೂಲಿಯವರ ಶೆಡ್ಡುಗಳೂ ಎದ್ದವು. ಕಾವೇರಿ ಮಾತ್ರ ಬರಲಿಲ್ಲ. ಆ ಹಳ್ಳಿಗಳಿಗೆ ನೀರು ಕೊಡಲೆಂದು ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು, ಆ ಬೇಸಿಗೆ ಕಳೆದ ಮೇಲೆ. ಅಲ್ಲಿಯ ಜನ ಬದುಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ. ಟ್ಯಾಂಕರ್ ದರ ಗಗನಕ್ಕೇರಿದಾಗ ಜಿಲ್ಲಾಡಳಿತ ಮಾರ್ಚ್‌ನಲ್ಲಿ ಮಿತಿ ಹಾಕಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಈ ಎರಡನ್ನೂ ಭಾಗಿಸಿ ನೋಡಿ. ಸಣ್ಣ ಟ್ಯಾಂಕರ್ ತರಿಸುವವನು ಸಾವಿರ ಲೀಟರಿಗೆ 100 ರೂಪಾಯಿ ಕೊಡಬೇಕು, ದೊಡ್ಡ ಸಂಪು ಇರುವವನು ಸುಮಾರು 83. ಬಡವನಿಗೆ ನೀರು ಸದಾ ಸ್ವಲ್ಪ ತುಟ್ಟಿ.

ಇಂಥವರಿಗೆ "ಗಿಡಕ್ಕೆ ನೀರು ಹಾಕಬೇಡಿ" ಅನ್ನುವ ಆದೇಶ ಯಾವ ಭಾಷೆಯಲ್ಲಿ ಕೇಳಿಸಿರಬೇಕು? ಅವರ ಅಂಗಳದಲ್ಲಿ ಗಿಡವಿದ್ದರೆ ಅದು ಬದುಕಿದ್ದು ಅಕ್ಕಿ ತೊಳೆದ ನೀರಿನ ಮೇಲೆ. ಯಾವ ಆದೇಶವೂ ಇಲ್ಲದೆ ಅವರ ಅಮ್ಮ, ಅಜ್ಜಿ ಕಲಿಸಿದ್ದು ಅದನ್ನೇ.

ಹಾಗಾದರೆ ಇಂಥ ಕಟ್ಟಳೆ ಬೇಡವೇ? ಬೇಕು. ಆದರೆ ಅದು ಬರೀ 'ಬೇಡ' ಅನ್ನುವ ಕಟ್ಟಳೆ ಆಗಬಾರದು, 'ಇದನ್ನು ಬಳಸಿ' ಅನ್ನುವುದೂ ಆಗಬೇಕು. ಅದು ಸಾಧ್ಯ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. 2018ರಿಂದ ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಗಳ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ನೀರಿನ ಗುಣಮಟ್ಟದ ಬಗ್ಗೆ ಕೋಲಾರದ ಜನ ಎತ್ತಿದ ಪ್ರಶ್ನೆಗಳು ನ್ಯಾಯವಾದವು, ಅವಕ್ಕೆ ಉತ್ತರ ಕೊಡಲೇಬೇಕು. ಆದರೆ ಒಂದಂತೂ ನಿಜ. ಸಾವಿರ ಅಡಿಯಿಂದ ಎತ್ತಿದ ನೀರನ್ನು, ನೂರು ಕಿಲೋಮೀಟರ್ ದೂರದಿಂದ ತಂದ ಕಾವೇರಿಯನ್ನು ಹುಲ್ಲಿಗೆ, ಕಾರಂಜಿಗೆ, ಸಿಮೆಂಟಿಗೆ ಸುರಿಯುವ ಅಗತ್ಯ ಯಾವ ನಗರಕ್ಕೂ ಇಲ್ಲ. ಬರ ಬಂದ ವರ್ಷ ಅದು ಹೆಚ್ಚು ಕಾಣಿಸುತ್ತದೆ ಅಷ್ಟೇ.

ವಿದ್ಯಾರ್ಥಿಗಳಾಗಿರುವ ಓದುಗರಿಗೆ ಒಂದು ಕೆಲಸ ಹೇಳ್ತೀನಿ. ಮುಂದಿನ ಬೇಸಿಗೆ ನಿಮ್ಮ ನಗರದಲ್ಲಿ ಇಂಥ ಆದೇಶ ಬಂದೇ ಬರುತ್ತದೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಮತ್ತೆ ಬಂತು. ಬಂದಾಗ ಅದನ್ನು ಪೂರ್ತಿ ಓದಿ, ಮೂರು ಪ್ರಶ್ನೆ ಕೇಳಿ. ಈ ಆದೇಶ ನಲ್ಲಿ ನೀರಿಗೆ ಮಾತ್ರವೋ, ಬೋರ್‌ವೆಲ್, ಟ್ಯಾಂಕರ್ ನೀರಿಗೂ ಅನ್ವಯಿಸುತ್ತದೋ? ದಂಡ ಬಳಕೆಯ ಪ್ರಮಾಣಕ್ಕೆ ತಕ್ಕ ಹಾಗಿದೆಯೋ, ಕಣ್ಣಿಗೆ ಬಿದ್ದವನಿಗೆ ಮಾತ್ರವೋ? ಹೀಗೆ ಉಳಿಸಿದ ನೀರು ಯಾವ ವಾರ್ಡಿಗೆ, ಯಾವ ಬೀದಿಗೆ ಹೋಯಿತು?

ಮೂರನೆಯ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಆದರೆ ಬಿಡದೆ ಕೇಳಬೇಕಾದದ್ದು ಅದನ್ನೇ. ನೀರುಗಂಟಿ ಒಂದು ಗದ್ದೆಯ ಪಾಳಿ ಕಡಿಮೆ ಮಾಡಿದರೆ ಆ ನೀರು ಯಾರ ಗದ್ದೆಗೆ ಹೋಯಿತು ಅಂತ ಊರಿಗೆಲ್ಲ ಗೊತ್ತಿರುತ್ತಿತ್ತು. ನಿಮ್ಮ ಮನೆಯ ಗುಲಾಬಿ ಗಿಡ ಒಣಗಿದ ಬೇಸಿಗೆಯಲ್ಲಿ ಊರ ಅಂಚಿನ ಯಾವುದೋ ಶೆಡ್ಡಿನ ಮಗುವಿಗೆ ಒಂದು ಕೊಡ ಹೆಚ್ಚು ಸಿಕ್ಕಿತೇ? ಅದನ್ನು ತಿಳಿಯುವ ಹಕ್ಕು ನಿಮಗೂ ಇದೆ, ಆ ಮಗುವಿನ ತಾಯಿಗೂ ಇದೆ.